ಕಮಲಾಬಾಯಿಯ ತವರುಮನೆ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಓದಿದವರು ಕಂಡುಹಿಡಿದು ಹೇಳುವ ತೊಂದರೆ ಬೇಡ. ಜೇವರ್ಗಿಯ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿ ಆಗಿದ್ದೇನೆ, ವಯಸ್ಸು ಐವತ್ತರ ಹತ್ತಿರ ಬಂದಿದೆ, ಆದರೂ ಪಕ್ಕದ ಶಾಲೆಗೆ ಹೊಸ ಬೆಂಚು ಬಂದವೆಂದರೆ ಆ ದಿನ ನನಗೆ ಊಟ ಸೇರುವುದಿಲ್ಲ. ನನ್ನ ಗಂಡ ಇದನ್ನು ಕಾಯಿಲೆ ಎನ್ನುತ್ತಾನೆ. ಅವನಿಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ, ಅದಕ್ಕೂ ನನಗೆ ಸಿಟ್ಟು. ಈ ಗುಣ ನನಗೆ ಹುಟ್ಟಿನಿಂದಲೇ ಬಂದಿರಬೇಕು. ಆದರೆ ನಾನು ಅದನ್ನು ಬಾಯಿಬಿಟ್ಟು ನನ್ನದೆಂದು ಒಪ್ಪಿಕೊಂಡದ್ದು ಒಂದೇ ಸಲ, ಒಂಬತ್ತನೇ ವಯಸ್ಸಿನಲ್ಲಿ, ಭೀಮಾ ಹೊಳೆ ಉಕ್ಕಿ ಬಂದ ವರ್ಷ.

ನಮ್ಮೂರು ಅಫಜಲಪುರ ತಾಲೂಕಿನಲ್ಲಿ ಹೊಳೆಯ ದಂಡೆಯ ಮೇಲಿದೆ. ನಮ್ಮ ಮನೆ ಎತ್ತರದ ದಿನ್ನೆಯ ಮೇಲಿತ್ತು. ಅಪ್ಪ ಗೌಂಡಿ. ಊರೂರು ತಿರುಗಿ ಮಂದಿಯ ಮನೆ ಕಟ್ಟುತ್ತಿದ್ದ, ತನ್ನ ಮನೆಯ ಅಡುಗೆಖೋಲಿಯ ಗೋಡೆಗೆ ಮಾತ್ರ ಆರು ವರ್ಷವಾದರೂ ಸಿಮೆಂಟು ಮೆತ್ತಿರಲಿಲ್ಲ. ಕಲ್ಲಿನ ಸಂದಿಗಳಲ್ಲಿ ಅವ್ವ ಸೂಜಿ, ಬಾಚಣಿಗೆ, ಬೆಂಕಿಪೆಟ್ಟಿಗೆ ಸಿಕ್ಕಿಸಿಡುತ್ತಿದ್ದಳು. ವಾರಕ್ಕೊಮ್ಮೆ ಅದೇ ಗೋಡೆಯ ಮೇಲೆ ಜಗಳ. ಅಪ್ಪ ‘ಬರೋ ಅಮಾಸಿಗೆ ಮಾಡ್ತೇನಿ’ ಎನ್ನುತ್ತಿದ್ದ, ಯಾವ ಅಮಾವಾಸ್ಯೆ ಎಂದು ಹೇಳುತ್ತಿರಲಿಲ್ಲ. ಮನೆಯಲ್ಲಿ ನಾವು ನಾಲ್ಕೇ ಜನ: ಅಪ್ಪ, ಅವ್ವ, ಅಪ್ಪನನ್ನು ಹೆತ್ತ ಆಯಿ, ನಾನು. ಆಯಿಗೆ ಹೆಣ್ಣುಮಕ್ಕಳಿರಲಿಲ್ಲ. ಅವ್ವನಿಗೆ ನನ್ನ ಹಿಂದೆ ಮಕ್ಕಳಾಗಲಿಲ್ಲ. ಹೀಗಾಗಿ ಎರಡು ತಲೆಮಾರಿನ ಹೆಣ್ಣುಮಕ್ಕಳಿಗೆ ಸಲ್ಲಬೇಕಾದ ಪ್ರೀತಿ ನನ್ನೊಬ್ಬಳ ಪಾಲಿಗೇ ಬಂದಿತ್ತು, ನಾನು ಅದನ್ನು ಹಕ್ಕಿನಿಂದ ಉಣ್ಣುತ್ತಿದ್ದೆ. ಒಲೆಯ ಮಗ್ಗುಲಿನ ಜಾಗ ನನ್ನದು. ಹೆಂಚಿನಿಂದ ಇಳಿದ ಮೊದಲ ರೊಟ್ಟಿ ನನ್ನದು. ಆಯಿಯ ಕೌದಿಯಲ್ಲಿ ಅರ್ಧ ನನ್ನದು. ಆಯಿಯ ಟ್ರಂಕಿನಲ್ಲಿ ಕೆಂಪು ಅಂಚಿನ ಒಂದು ಹಸಿರು ಖಣವಿತ್ತು, ದೀಪಾವಳಿಗೆ ಅದರಲ್ಲಿ ನನಗೆ ಪೋಲಕ ಹೊಲಿಸುವುದೆಂದು ಮಾತಾಗಿತ್ತು. ದಿನಕ್ಕೊಮ್ಮೆ ಟ್ರಂಕು ತೆಗೆಸಿ ಖಣವನ್ನು ಕೆನ್ನೆಗೆ ಒತ್ತಿಕೊಂಡು ಮತ್ತೆ ಒಳಗಿಡುತ್ತಿದ್ದೆ.

ಊರ ಮುಂದೆ ಹೊಳೆಯ ನಡುವೆ ಒಂದು ನಡುಗಡ್ಡೆ ಇತ್ತು. ಅದರ ಮೇಲೆ ಇಪ್ಪತ್ತು ಚಿಲ್ಲರೆ ಮಣ್ಣಿನ ಮನೆಗಳು. ಕೂಲಿ ಮಾಡುವವರು, ದಂಡೆಯ ಮರಳಿನಲ್ಲಿ ಕಲ್ಲಂಗಡಿ, ಸೌತೆ ಬೆಳೆಯುವವರು. ಬೇಸಿಗೆಯಲ್ಲಿ ಮೊಣಕಾಲು ನೀರಿನಲ್ಲಿ ನಡೆದು ಬರುತ್ತಿದ್ದರು, ಮಳೆಗಾಲದಲ್ಲಿ ಹರಿಗೋಲು. ಆ ವರ್ಷ ದಸರೆ ಮುಗಿದ ಮೇಲೆ ಮೂಡಣ ಸಮುದ್ರದಲ್ಲಿ ಚಂಡಮಾರುತ ಎದ್ದಿತು, ಅದರ ಮಳೆ ನಾಲ್ಕು ದಿನ ನಮ್ಮ ಮೇಲೆ ಸುರಿಯಿತು, ಮೇಲಿನಿಂದ ಮಹಾರಾಷ್ಟ್ರದ ಅಣೆಕಟ್ಟಿನ ನೀರೂ ಬಂತು. ಸಮುದ್ರ ಹೇಗಿರುತ್ತದೆಂದು ನೋಡದ ನಮ್ಮೂರವರೆಲ್ಲ ಕಟ್ಟೆಯ ಮೇಲೆ ಕುಳಿತು ಸಮುದ್ರವನ್ನು ಬೈದರು. ನಡುಗಡ್ಡೆಯ ಜನರನ್ನು ಹರಿಗೋಲಿನಲ್ಲಿ ಕರೆತಂದು ಶಾಲೆಯಲ್ಲಿ ತುಂಬಿದರು. ಜೀವಗಳೆಲ್ಲ ಉಳಿದವು. ನೀರು ಇಳಿದಾಗ ಮಾತ್ರ ಅಲ್ಲಿ ಮನೆ ಇದ್ದವು ಎಂದು ಹೇಳಲು ಒಂದು ಒಲೆಗಲ್ಲೂ ಸಿಗಲಿಲ್ಲ.

ಮೂರನೇ ದಿನ ಕಲಬುರಗಿಯ ಕಡೆಯಿಂದ ಚರ್ಚಿನವರ ಜೀಪು ಬಂತು. ಅದರಲ್ಲಿ ಬೆಳ್ಳನೆ ಗಡ್ಡದ ಒಬ್ಬ ಫಾದರ್, ಮಂಗಳೂರು ಕಡೆಯ ಲೂಸಿ ಸಿಸ್ಟರ್, ಹಾಸಿಗೆ, ಪಾತ್ರೆ, ಅಕ್ಕಿ. ಸಿಸ್ಟರ್ ಪುಸ್ತಕದಲ್ಲಿ ಇರುವಂಥ ಕನ್ನಡ ಮಾತಾಡುತ್ತಿದ್ದಳು, ನಮಗೆ ನಗು. ಶಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಅದಕ್ಕೆ ಅವರು ದಿನ್ನೆಯ ಮೇಲಿನ ಮನೆ ಮನೆಗೆ ಬಂದು, ಒಂದೊಂದು ಕುಟುಂಬವನ್ನು ಸ್ವಲ್ಪ ದಿನ ಇಟ್ಟುಕೊಳ್ಳಿ ಎಂದು ಕೇಳಿದರು. ಆಯಿ ಬಾಗಿಲಿಗೆ ಅಡ್ಡ ನಿಂತಳು.

“ಇಟ್ಕೋತೇವ್ರಿ. ಆದ್ರ ದೇವ್ರನ್ನ ಬದಲಿಸು ಅಂತ ನನಗ ಕೇಳಬ್ಯಾಡ್ರಿ ಮತ್ತ.”

“ದೇವರನ್ನು ಕೇಳುವುದಿಲ್ಲ ಅಜ್ಜಿ, ಒಂದು ಲೋಟ ಚಹಾ ಕೇಳ್ತೇನೆ,” ಎಂದಳು ಸಿಸ್ಟರ್.

ಆಯಿ ಅವಳಿಗೆ ಅಲ್ಲೇ ಸೋತಳು. ಚಹಾ ಮುಗಿಯುವ ಹೊತ್ತಿಗೆ ನಮ್ಮ ಪಾಲಿಗೆ ಕಮಲಾಬಾಯಿ ಬಂದಿದ್ದಳು, ಏಳು ತಿಂಗಳ ಬಸುರಿ, ಗಂಡ ಪುಣೆಯಲ್ಲಿ ಕೆಲಸಕ್ಕಿದ್ದ. ಅವಳ ಸೆರಗು ಹಿಡಿದು ಮಗಳು ಮಾದೇವಿ. ನನ್ನದೇ ವಯಸ್ಸು, ನನಗಿಂತ ಎರಡು ಬೆರಳು ಎತ್ತರ. ಆ ಎರಡು ಬೆರಳನ್ನು ನಾನು ಮೊದಲ ದಿನವೇ ಅಳೆದು ನೋಡಿದ್ದೆ.

ಮೊದಲ ಹೊತ್ತಿನ ಊಟದಲ್ಲೇ ನನ್ನ ರಾಜ್ಯ ಹೋಯಿತು. ಅವ್ವ ಹೆಂಚಿನಿಂದ ರೊಟ್ಟಿ ಎತ್ತಿದಳು, ನಾನು ತಟ್ಟೆ ಮುಂದೆ ಮಾಡಿದೆ, ರೊಟ್ಟಿ ನನ್ನ ತಟ್ಟೆಯ ಮೇಲಿಂದ ಹಾದು ಮಾದೇವಿಯ ತಟ್ಟೆಗೆ ಬಿತ್ತು. ‘ಹಸದಾಳ, ಪಾಪ’ ಎಂದಳು ಅವ್ವ. ಆವತ್ತು ನಾನೂ ಹಸಿದಿದ್ದೆ, ಆದರೆ ನನ್ನ ಹಸಿವಿಗೆ ಪಾಪ ಎನ್ನುವವರಿರಲಿಲ್ಲ. ನಾಲ್ಕು ದಿನದಲ್ಲಿ ಮಾದೇವಿ ಅಂಗಳ ಗುಡಿಸಲು ಹಿಡಿದಳು, ಪುಂಡಿ ಪಲ್ಯಕ್ಕೆ ಸೊಪ್ಪು ಸೋಸಿದಳು, ಒಂದು ಮಧ್ಯಾಹ್ನ ಹಿಟ್ಟಿನ ಮುದ್ದೆ ತಗೊಂಡು ಪಟಪಟ ರೊಟ್ಟಿ ಬಡಿದೇ ಬಿಟ್ಟಳು, ಅದೂ ಚಂದ್ರನಷ್ಟು ದುಂಡಗೆ. ನಾನು ಬಡಿದ ರೊಟ್ಟಿ ಯಾವಾಗಲೂ ಯಾವುದೋ ಜಿಲ್ಲೆಯ ನಕಾಶೆ ಆಗುತ್ತಿತ್ತು.

“ನೋಡಬೇ ಲಲ್ತಿ, ನಿನ್ನ ವಾರಿಗೀಯಾಕಿ, ನಿನ್ನಷ್ಟೇ ವಯಸ್ಸು. ನೋಡಿ ಕಲಿ,” ಎಂದಳು ಅವ್ವ.

ನಾನು ಕಲಿಯಲಿಲ್ಲ, ಉರಿದೆ. ಮುಂದಿನ ವಾರ ಜೀಪು ಮತ್ತೆ ಬಂದು ನಡುಗಡ್ಡೆಯ ಮಕ್ಕಳಿಗೆ ಹೊಸ ಪಾಟಿಚೀಲ, ಕೊಡೆ, ನೀಲಿ ಫ್ರಾಕು ಹಂಚಿತು. ನಾನೂ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಸಿಸ್ಟರ್ ನಗುತ್ತ ಗಲ್ಲ ಹಿಡಿದು, ‘ನಿನ್ನ ಮನೆ ಗಟ್ಟಿಯಾಗಿದೆ ಮಗಾ, ನೀನು ಪುಣ್ಯವಂತೆ’ ಎಂದು ಬರಿಗೈಯಲ್ಲಿ ಕಳಿಸಿದಳು. ಪುಣ್ಯವಂತೆ ಅಳುತ್ತ ಮನೆಗೆ ಬಂದು ಆಯಿಯನ್ನು ಕೇಳಿದೆ:

“ಹೊಳಿ ನಮ್ಮ ಮನೀಗ್ಯಾಕ ಬರ್ಲಿಲ್ಲ ಆಯಿ? ಬಂದಿದ್ರ ನನಗೂ ಕೊಡಿ ಸಿಗ್ತಿತ್ತು.”

ಆಯಿ ನನ್ನ ಬಾಯಿಯ ಮೇಲೆ ಪಟ್ಟನೆ ಹೊಡೆದಳು. ಅದುವರೆಗೆ ಆಯಿ ನನಗೆ ಹೊಡೆದದ್ದಿಲ್ಲ. ಆ ಏಟನ್ನೂ ನಾನು ಮಾದೇವಿಯ ಲೆಕ್ಕಕ್ಕೇ ಬರೆದೆ. ಅವಳು ಆಗ ಅಂಗಳದಲ್ಲಿ ಕುಳಿತು ಆ ಕೊಡೆಯನ್ನು ಬಿಚ್ಚುವುದು, ಮುಚ್ಚುವುದು ಮಾಡುತ್ತಿದ್ದಳು. ಆಕಾಶದಲ್ಲಿ ಒಂದೂ ಮೋಡವಿರಲಿಲ್ಲ.

ಇನ್ನು ಕುಬಸದ ಸಂಗತಿ. ಬಸುರಿಗೆ ತವರುಮನೆಯವರು ಹಸಿರು ಕುಬಸ, ಎಂದರೆ ರವಿಕೆ, ತೊಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವ ಪದ್ಧತಿ ನಮ್ಮ ಕಡೆ ಇದೆ. ಸಾಮಾನ್ಯವಾಗಿ ಮಾಡುವುದು ಮೊದಲ ಬಸಿರಿಗೆ. ಒಂದು ದಿನ ಕಾಳು ಹಸನು ಮಾಡುತ್ತ ಆಯಿ ಅದೂ ಇದೂ ಕೇಳುವಾಗ ಕಮಲಾಬಾಯಿ, ತನಗೆ ತಾಯಿ ತಂದೆ ಇಲ್ಲ, ಚೊಚ್ಚಲಿಗೂ ಯಾರೂ ಕುಬಸ ಮಾಡಲಿಲ್ಲ ಎಂದಳು. ಅತ್ತುಕೊಂಡೇನೂ ಹೇಳಲಿಲ್ಲ, ಕಾಳಿನಲ್ಲಿ ಕಲ್ಲು ಆರಿಸುತ್ತ ಹೇಳಿದಳು. ಆಯಿ ಮೊರ ಕೆಳಗಿಟ್ಟಳು.

“ನನಗ ಹೆಣ್ಣ ಮಕ್ಕಳಿಲ್ಲ, ನಿನಗ ತಾಯಿ ಇಲ್ಲ. ಇನ್ನೇನ್ ಬೇಕು? ಇದೇ ನಿನ್ನ ತವರಮನಿ. ಬರೋ ಶುಕ್ರಾರ ಕುಬಸ ಮಾಡ್ತೇನಿ.”

ಅಡುಗೆಖೋಲಿಯಿಂದ ಅವ್ವ ‘ಹೌದ್ರಿ, ಮಾಡೂನು’ ಎಂದು ಕೂಗಿದಳು. ಅತ್ತೆ ಸೊಸೆ ಒಂದೇ ಮಾತಿಗೆ ಒಪ್ಪಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ನಾನು ಕಮಲಾಬಾಯಿಯನ್ನು ಅತ್ತಿ ಎಂದು ಕರೆಯಬೇಕೆಂದು ಹುಕುಂ ಆಯಿತು. ಶುಕ್ರವಾರ ಬೆಳಿಗ್ಗೆ ಆಯಿ ಟ್ರಂಕು ತೆಗೆದಳು. ಮನೆಯಲ್ಲಿ ಇದ್ದದ್ದು ಒಂದೇ ಹಸಿರು ಖಣ.

“ಅದು ನಂದು!” ಎಂದು ಕಿರುಚಿದೆ.

“ನಿನಗ ಬ್ಯಾರೆ ತರ್ತೇನಿ.”

“ಬ್ಯಾರೆ ಬ್ಯಾಡ! ಅದೇ ಬೇಕು!”

ಅವ್ವ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಬಿಟ್ಟು ಬಾಗಿಲು ಹಾಕಿದಳು. ಬಾಗಿಲ ಸಂದಿಯಿಂದ ನಾನು ಎಲ್ಲವನ್ನೂ ನೋಡಿದೆ. ನನ್ನ ಖಣ ಅವಸರದಲ್ಲಿ ಕುಬಸವಾಗಿ ಹೊಲಿಸಿಕೊಂಡು ಕಮಲಾಬಾಯಿಯ ಮೈಮೇಲೆ ಹೊಳೆಯುತ್ತಿತ್ತು. ಮಣೆಯ ಮೇಲೆ ಅವಳು ಮದುವಣಗಿತ್ತಿಯ ಹಾಗೆ ಕುಳಿತಿದ್ದಳು. ನಡುಗಡ್ಡೆಯ ಹೆಂಗಸರೆಲ್ಲ ಬಂದು ಹಾಡು ಹೇಳಿದರು, ಅಪ್ಪ ಅಣ್ಣನಾಗಿ ನಿಂತು ಬಳೆಗಾರನನ್ನು ಕರೆಸಿದ್ದ. ಲೂಸಿ ಸಿಸ್ಟರ್ ನೆಲದ ಮೇಲೆ ಕುಳಿತು ಎರಡು ಸಲ ಹೋಳಿಗೆ ಹಾಕಿಸಿಕೊಂಡಳು. ‘ಇದನ್ನು ಯಾರು ಮಾಡುವುದು?’ ಎಂದು ಪಕ್ಕದವಳನ್ನು ಕೇಳಿದಳು. ‘ತವರಮನಿಯವ್ರೇ ಮಾಡಬೇಕ್ರಿ, ಬ್ಯಾರೆಯವ್ರು ಮಾಡಂಗಿಲ್ಲ’ ಎಂದಳು ಆಕೆ. ಸಿಸ್ಟರ್ ತಲೆದೂಗಿ ಹೋಳಿಗೆ ತಿಂದಳು. ನನಗೆ ಹೋಳಿಗೆ ಹಿತ್ತಲಿಗೇ ಬಂತು, ತಂದುಕೊಟ್ಟವಳು ಮಾದೇವಿ. ಅದನ್ನು ನಾನು ಎಮ್ಮೆಯ ಮುಂದೆ ಎಸೆದೆ. ಎಮ್ಮೆಗೆ ಬಹಳ ಸಂತೋಷವಾಯಿತು.

ಎಳ್ಳಮಾವಾಸ್ಯೆಯ ಹೊತ್ತಿಗೆ ಕಮಲಾಬಾಯಿಗೆ ನಮ್ಮ ಕಾಳಿನ ಖೋಲಿಯಲ್ಲಿ ಗಂಡುಮಗು ಹುಟ್ಟಿತ್ತು. ಆಯಿ ಬಾಣಂತನದಲ್ಲಿ ಮುಳುಗಿದಳು. ಕೌದಿಯ ನನ್ನ ಅರ್ಧವೂ ಮಗುವಿನ ಕಾಲಡಿಗೆ ಹೋಯಿತು. ಅದೇ ದಿನಗಳಲ್ಲಿ ಚರ್ಚಿನವರು ಊರಿನ ದಿನ್ನೆಯ ಪಕ್ಕದಲ್ಲೇ ಜಾಗ ಹಿಡಿದು ನಡುಗಡ್ಡೆಯವರಿಗೆ ಕಲ್ಲಿನ ಮನೆ ಕಟ್ಟಿಸಲು ತಯಾರಿ ನಡೆಸಿದ್ದರು. ಎಲ್ಲ ಮನೆಗಳನ್ನೂ ಒಮ್ಮೆಲೇ ಕಟ್ಟಲು ಆಗುತ್ತಿರಲಿಲ್ಲ. ಅದಕ್ಕೆ, ಎಲ್ಲಿಯೂ ಯಾರೂ ಆಸರೆ ಇಲ್ಲದವರಿಗೆ ಈಗ, ದಿನ್ನೆಯ ಮೇಲೆ ತವರುಮನೆಯೋ ಅಣ್ಣತಮ್ಮಂದಿರೋ ಇರುವವರಿಗೆ ಮುಂದಿನ ಮಳೆಗಾಲ ಕಳೆದ ಮೇಲೆ ಎಂದು ಗೊತ್ತು ಮಾಡಿದ್ದರು. ಸಿಸ್ಟರ್ ಹೆಸರು ಬರೆದುಕೊಳ್ಳುತ್ತ ಓಣಿ ಓಣಿ ತಿರುಗುವಾಗ, ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದ ನನ್ನ ಹತ್ತಿರ ನಿಂತಳು.

“ಒಂದು ಕೇಳ್ತೇನೆ ಮಗಾ. ಕಮಲಾಬಾಯಿ ನಿನ್ನ ಅಪ್ಪನ ಸ್ವಂತ ತಂಗಿಯಾ? ಕುಬಸ ಎಲ್ಲ ಮಾಡಿದ್ರಲ್ಲ, ಅದಕ್ಕೆ ಕೇಳಿದೆ. ದೊಡ್ಡವರನ್ನು ಕೇಳಿದರೆ ಎಲ್ಲರೂ ಎಲ್ಲರಿಗೂ ಅಕ್ಕ ತಂಗಿ ಅಂತಾರೆ ಇಲ್ಲಿ.”

ನನಗೆ ಪಟ್ಟಿಯ ವಿಷಯ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಮಾದೇವಿಗೆ ಬಾಗಿಲು ಕಿಟಕಿ ಇರುವ, ಗೋಡೆಗೆ ನುಣ್ಣಗೆ ಸಿಮೆಂಟು ಮೆತ್ತಿದ ಹೊಸ ಮನೆ. ಅದನ್ನು ಕಟ್ಟುವ ಗೌಂಡಿಗಳಲ್ಲಿ ನನ್ನ ಅಪ್ಪನೇ ಮುಖ್ಯ. ನಮ್ಮ ಗೋಡೆ ಮಾತ್ರ ಬರೋ ಅಮಾವಾಸ್ಯೆಗೆ. ಪಾಟಿಚೀಲ ಅವಳಿಗೆ, ಕೊಡೆ ಅವಳಿಗೆ, ರೊಟ್ಟಿ ಅವಳಿಗೆ, ಮನೆಯೂ ಅವಳಿಗೇ?

“ಹೌದ್ರಿ,” ಎಂದೆ. “ಖಾಸ ತಂಗಿ. ನಮ್ಮ ಅತ್ತಿ ಅಕಿ.”

ಸಿಸ್ಟರ್ ನನ್ನ ತಲೆ ಸವರಿ ಪಟ್ಟಿಯಲ್ಲಿ ಏನೋ ಗೀಟು ಎಳೆದಳು. ಮಕ್ಕಳು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಅವಳಿಗೆ. ಸ್ವಂತ ಮಕ್ಕಳಿಲ್ಲದವರಿಗೆ ಮಾತ್ರ ಇರುವ ನಂಬಿಕೆ ಅದು. ಅಂದು ನಾನು ಕುಣಿಯುತ್ತ ಮನೆಗೆ ಹೋದೆ.

ಎರಡು ದಿನದ ಮೇಲೆ ಶಾಲೆಯ ಗೋಡೆಗೆ ಪಟ್ಟಿ ಹಚ್ಚಿದರು. ಕಮಲಾಬಾಯಿಯ ಹೆಸರಿರಲಿಲ್ಲ. ಅವ್ವ ‘ಈಗ್ಲೇ ಹೋಗಿ ಕೇಳ್ತೇನಿ’ ಎಂದು ಎದ್ದಳು. ಕಮಲಾಬಾಯಿ ಅವಳ ಕೈ ಹಿಡಿದು ಕೂರಿಸಿದಳು.

“ಬ್ಯಾಡ ವೈನಿ. ಕೊಡೋವ್ರ ಕೈ ಹಿಡದು ಕೇಳಬಾರದು. ನನಕಿಂತ ಕಷ್ಟದಾಗ ಇದ್ದವ್ರು ಇದ್ದಾರು. ಹಣಿಬರಾ ಇದ್ದಾಗ ಸಿಗ್ತದ.”

ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಎನ್ನುತ್ತೇವೆ. ಅವಳು ನಿಜವಾಗಿಯೂ ನಾದಿನಿ ಆಗಿಬಿಟ್ಟಿದ್ದಳು. ಅಪ್ಪ ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದವನು ಎಲ್ಲ ಕೇಳಿಸಿಕೊಂಡು, ಟವೆಲಿನಿಂದ ಮುಖ ಒರೆಸಿಕೊಂಡು ಹೇಳಿದ:

“ಅದಕ್ಯಾಕ ಇಷ್ಟು ಚಿಂತಿ? ಹಿತ್ತಲದಾಗ ಜಾಗ ಅದ. ತಂಗಿಗೆ ಒಂದು ಖೋಲಿ ಹಾಕ್ತೇನಿ. ನಾಳಿಂದೇ ಹಾಕ್ತೇನಿ.”

ಆರು ವರ್ಷ ಒಂದು ಗೋಡೆಗೆ ಸಿಮೆಂಟು ಮೆತ್ತದ ನನ್ನ ಅಪ್ಪ ನಾಳೆಯಿಂದಲೇ ಎಂದ! ಅದಕ್ಕಿಂತ ಹೆಚ್ಚು, ಮರುದಿನ ಬೆಳಿಗ್ಗೆ ನಿಜವಾಗಿಯೂ ಹಿತ್ತಲಲ್ಲಿ ಹಗ್ಗ ಎಳೆದು ಸುಣ್ಣ ಹಾಕಿದ. ಅವ್ವ ‘ಹ್ಯಾಂಗೂ ಇಲ್ಲೇ ಇರ್ತಾಳ’ ಎಂದು ಮಾದೇವಿಯನ್ನು ನನ್ನ ಶಾಲೆಗೆ, ನನ್ನ ತರಗತಿಗೆ, ನನ್ನ ಪಕ್ಕಕ್ಕೇ ಸೇರಿಸಿ ಬಂದಳು. ಆಗ ನನಗೆ ಬುದ್ಧಿ ಬಂತು. ಕೆಲವು ತಿಂಗಳಿನಲ್ಲಿ ತಾನಾಗಿಯೇ ಹೋಗುತ್ತಿದ್ದವಳನ್ನು ನಾನೇ ಜನ್ಮಕ್ಕಾಗುವಷ್ಟು ಉಳಿಸಿಕೊಂಡಿದ್ದೆ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ. ಮೂರು ದಿನ ನಾನು ಆ ಸುಣ್ಣದ ಗೆರೆಯನ್ನು ಕಾಲಿನಿಂದ ಅಳಿಸಿದೆ, ಮೂರು ದಿನ ಅಪ್ಪ ಮತ್ತೆ ಹಾಕಿದ. ಕೋಳಿ ಕೆದರಿರಬೇಕು ಎಂದುಕೊಂಡ.

ರವಿವಾರ ಹೊಸ ಜಾಗದಲ್ಲಿ ಊರೆಲ್ಲ ಸೇರಿತು. ಅಂದು ಚೀಟಿ ಎತ್ತುವ ದಿನ. ಫಾದರ್ ಒಂದು ನೇಮ ಮಾಡಿದ್ದರು: ತಮ್ಮ ಮನೆಯನ್ನು ತಾವು ಕಟ್ಟುವ ಹಾಗಿಲ್ಲ. ಚೀಟಿಯಲ್ಲಿ ಯಾರ ಹೆಸರು ಬರುತ್ತದೋ ಅವರ ಮನೆಗೆ ದುಡಿಯಬೇಕು. ಇಲ್ಲದಿದ್ದರೆ ತೋಳಿನಲ್ಲಿ ಬಲ ಇದ್ದವರ ಮನೆ ಮೊದಲು ಏಳುತ್ತದೆ, ಮುದುಕಿಯರ ಮನೆ ಅಡಿಪಾಯದಲ್ಲೇ ನಿಲ್ಲುತ್ತದೆ ಎಂದು ಅವರ ಮಾತು. ಕಮಲಾಬಾಯಿ ಮಗುವನ್ನು ಎತ್ತಿಕೊಂಡು ಬಂದು ಬೇವಿನ ನೆರಳಿನಲ್ಲಿ ಕುಳಿತಿದ್ದಳು. ಮನೆ ಇಲ್ಲದಿದ್ದರೂ ಅವಳು ಚೀಟಿ ಎತ್ತುವವರಲ್ಲಿ ತನ್ನ ಹೆಸರು ಬರೆಸಿದ್ದಳು, ಬಾಣಂತನ ಮುಗಿದ ಮೇಲೆ ತಾನೂ ಕಲ್ಲು ಹೊರುತ್ತೇನೆ, ಅಲ್ಲಿತನಕ ಮಗಳು ನೀರು ಹೊರಲಿ ಎಂದು. ಮಾದೇವಿ ಆಗಲೇ ಕೊಡ ಹೊತ್ತು ಸಾಲಿನಲ್ಲಿ ನಿಂತಿದ್ದಳು. ಜನ ಅವಳನ್ನು ತೋರಿಸಿ ತೋರಿಸಿ ಹೊಗಳುತ್ತಿದ್ದರು. ಅಪ್ಪನೂ ಹೊಗಳಿದ.

ನನ್ನಿಂದ ತಡೆಯಲಾಗಲಿಲ್ಲ. ಪಶ್ಚಾತ್ತಾಪ ಬಂದು ಹೇಳಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದು ಎರಡನೇ ಸುಳ್ಳಾಗುತ್ತದೆ. ಅವಳು ನಮ್ಮ ಮನೆಯಿಂದ ತೊಲಗಲಿ ಎಂದಷ್ಟೇ ನನಗಿದ್ದದ್ದು. ಜನರ ನಡುವೆ ನುಗ್ಗಿ ಸಿಸ್ಟರ್ ಮುಂದೆ ನಿಂತೆ.

“ಅಕಿ ನಮ್ಮ ಅತ್ತಿ ಅಲ್ರಿ! ನಮ್ಮಪ್ಪಗ ತಂಗೀನೇ ಇಲ್ಲ. ನಾ ಸುಳ್ಳ ಹೇಳಿದ್ದೆ. ಅಕಿಗೆ ಯಾರೂ ಇಲ್ಲರಿ, ಅಕಿಗೂ ಒಂದು ಮನಿ ಕೊಡ್ರಿ.”

ಸಿಸ್ಟರ್ ಕೈಯಲ್ಲಿದ್ದ ಚೀಟಿಯ ಡಬ್ಬಿಯನ್ನು ಕೆಳಗಿಟ್ಟಳು.

“ಕುಬಸ ಮಾಡಿದ್ದಿರಲ್ಲ?” ಎಂದು ಆಯಿಯತ್ತ ತಿರುಗಿದಳು.

“ಮಾಡೇನಿ. ಮಗಳಂತ ಮಾಡೇನಿ,” ಎಂದಳು ಆಯಿ. “ಹೆತ್ತಿಲ್ಲ, ಅಷ್ಟೇ.”

ಸಿಸ್ಟರ್ ಹಣೆ ಹಣೆ ಬಡಿದುಕೊಂಡಳು. ‘ತಪ್ಪು ನನ್ನದೇ, ದೊಡ್ಡವರನ್ನೇ ಕೇಳಬೇಕಿತ್ತು’ ಎಂದು ಫಾದರ್ ಹತ್ತಿರ ಹೋಗಿ ಮಾತಾಡಿದಳು. ಅವರು ಪಟ್ಟಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಸಾಮಾನು ಇಡುವ ಖೋಲಿಗೆಂದು ಬಿಟ್ಟಿದ್ದ ಕೊನೆಯ ಜಾಗದ ಮುಂದೆ ಕಮಲಾಬಾಯಿ ಎಂದು ಬರೆದರು. ಸಾಮಾನಿಗೆ ತಗಡಿನ ಶೆಡ್ಡು ಸಾಕು ಎಂದರು. ನನ್ನ ಕೆಲಸ ಅಷ್ಟರಲ್ಲಿ ಮುಗಿದಿತ್ತು, ಮೆಲ್ಲಗೆ ಜಾರಿಕೊಳ್ಳಬೇಕೆಂದು ತಿರುಗಿದೆ. ಹಿಂದೆ ಅವ್ವ ನಿಂತಿದ್ದಳು.

“ಯಾಕ ಹೇಳ್ದಿ ಸುಳ್ಳ? ಹೇಳು, ಎಲ್ಲಾರ ಮುಂದ ಹೇಳು. ಬಾಣಂತಿ ಮನಿ ತಪ್ಪಸಲಿಕ್ಕ ನಿನಗೇನ್ ಆಗಿತ್ತು?”

ಊರೆಲ್ಲ ನನ್ನನ್ನೇ ನೋಡುತ್ತಿತ್ತು. ಬೇರೆ ಸುಳ್ಳು ಹುಡುಕಿದೆ, ಸಿಗಲಿಲ್ಲ.

“ಮಾದೇವಿ ಮ್ಯಾಲ ಹೊಟ್ಟಿಕಿಚ್ಚು,” ಎಂದೆ. ಹೇಳಿದ್ದೇ ತಡ, ಗಂಟಲು ಬಿಟ್ಟು ಅತ್ತೆ. “ಎಲ್ಲಾ ಅಕಿಗೇ ಕೊಡ್ತೀರಿ. ನಾ ಬ್ಯಾಡೇ ಬ್ಯಾಡಾಗೇನಿ ನಿಮಗ.”

ಅವ್ವನ ಕೈ ಮೇಲೆದ್ದಿತು. ಅದು ಇಳಿಯುವ ಮೊದಲೇ ಕಮಲಾಬಾಯಿ ಎದ್ದು ಬಂದು ಮಗುವನ್ನು ಅವ್ವನ ಕೈಗೆ ಕೊಟ್ಟುಬಿಟ್ಟಳು. ಮಗು ಹಿಡಿದ ಕೈಯಿಂದ ಹೊಡೆಯಲಾಗುವುದಿಲ್ಲ. ಆಮೇಲೆ ಅವಳು ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತು ನನ್ನ ಮುಖ ನೋಡಿದಳು. ಬೈಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ಕಾದೆ. ಅವಳ ಮುಖದಲ್ಲಿ ಸಿಟ್ಟೇ ಇರಲಿಲ್ಲ, ನಂಬಲಾಗದ್ದನ್ನು ಕೇಳಿದವಳ ಹಾಗೆ ಕಣ್ಣು ಅರಳಿಸಿದ್ದಳು.

“ಖರೇ ಹೇಳಾಕತ್ತೀಯೇನವ್ವಾ? ನಮ್ಮನ್ನ ನೋಡಿ ಹೊಟ್ಟಿಕಿಚ್ಚಾತು ನಿನಗ? ನಮ್ಮನ್ನ?”

ನಾನು ಬಿಕ್ಕುತ್ತ ಹೌದೆಂದು ತಲೆಯಾಡಿಸಿದೆ. ಕಮಲಾಬಾಯಿ ನಕ್ಕಳು. ಅವಮಾನದ ನಗೆ ಅಲ್ಲ, ಅಣಕದ್ದೂ ಅಲ್ಲ, ಸನ್ಮಾನ ಮಾಡಿಸಿಕೊಂಡವರ ನಗೆ. ಎದ್ದು ನೀರಿನ ಸಾಲಿನ ಕಡೆ ತಿರುಗಿ ಊರಿಗೆಲ್ಲ ಕೇಳುವ ಹಾಗೆ ಕೂಗಿದಳು:

“ಮಾದೇವೀ, ಕೇಳ್ದೇನಬೇ? ನಿನ್ನ ಮ್ಯಾಲ ಹೊಟ್ಟಿಕಿಚ್ಚಂತ! ಗೌಂಡೇರ ಮಗಳಿಗೆ, ನಿನ್ನ ಮ್ಯಾಲ!”

ಮಾದೇವಿ ತಲೆಯ ಮೇಲಿನ ಕೊಡವನ್ನು ಇಳಿಸಿ ನನ್ನ ಕಡೆ ನೋಡಿದಳು. ಮೂರು ತಿಂಗಳು ಒಂದೇ ಮನೆಯಲ್ಲಿದ್ದರೂ ಅವಳು ಹಾಗೆ ಹಲ್ಲು ಕಾಣಿಸಿ ನಕ್ಕದ್ದನ್ನು ನಾನು ನೋಡಿರಲಿಲ್ಲ. ಕೊಡವನ್ನು ಮತ್ತೆ ತಲೆಗೇರಿಸಿದಳು, ಸೊಂಟದ ಮೇಲೆ ಒಂದು ಕೈ ಇಟ್ಟಳು, ಆ ಇಡೀ ಜನರ ನಡುವೆ ಪಾಟೀಲರ ಮನೆಯ ಮಗಳ ಹಾಗೆ ನಡೆದು ಹೋದಳು. ಅವಳಿಗೆ ಅಷ್ಟು ದೊಡ್ಡ ಗತ್ತನ್ನು ಕೊಟ್ಟವಳು ನಾನೇ ಎಂದು ಗೊತ್ತಾಗಿ ನನಗೆ ಮತ್ತೆ ಹೊಟ್ಟೆ ಉರಿಯಿತು.